ಹಳ್ಳದ ಸದ್ದಿನ ಮೇಲೊಂದು ಸಣ್ಣ ಸಿಳ್ಳೆ

ಹೋದ ಸಂಚಿಕೆಯಲ್ಲಿ ಶ್ರೀಲಂಕಾದ ಒಂದು ಹಕ್ಕಿಯ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅಲ್ಲಿನ ಬೆಟ್ಟದ ಕಾಡುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಸಿಳ್ಳಾರ ಅದು. ಸಿಂಹಳದಲ್ಲಿ ಅರಂಗಯಾ ಅನ್ನುತ್ತಾರೆ. ಪುಟದ ಮೂಲೆಯಲ್ಲಿ ಜಾಗ ಮಿಕ್ಕಿತ್ತು, ಸುಮ್ನೆ ತುಂಬಿಸಿದೆ. ಒಂದು ವಾರ ಕೂತು ಹದ್ದುಗಳ ಮೇಲೆ ಬರೆದ ದೊಡ್ಡ ಲೇಖನಕ್ಕೆ ಒಂದೂ ಪತ್ರ ಬರಲಿಲ್ಲ, ಈ ನಾಲ್ಕು ಸಾಲಿಗೆ ಮಾತ್ರ ರಾಶಿ ಬಿದ್ದಿದೆ. ಇರಲಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಮನೆ ಹಿಂದಿನ ಹಳ್ಳದಲ್ಲಿ ಮಳೆಗಾಲ ಶುರುವಾದರೆ ಸಾಕು, ಬೆಳಗಿನ ಜಾವ ಒಂದು ಹಕ್ಕಿ ಥೇಟ್ ಮನುಷ್ಯರ ಹಾಗೆ ಸಿಳ್ಳೆ ಹಾಕುತ್ತದೆ. ನೀವು ಬರೆದದ್ದು ಇದೇ ಹಕ್ಕಿಯಾ? (ಹೊಸನಗರ ತಾಲ್ಲೂಕಿನ ಓದುಗರು)

ಅಲ್ಲ. ನಿಮ್ಮ ಹಳ್ಳದಲ್ಲಿರುವುದು ನಮ್ಮ ಮಲೆನಾಡಿನ ಸಿಳ್ಳಾರ. ಲಂಕೆಯದು ಅದರ ದಾಯಾದಿ. ಇವೆರಡೂ ಸೇರಿ ಈ ಕುಲದಲ್ಲಿ ಒಟ್ಟು 9 ಹಕ್ಕಿಗಳಿವೆ. ಹಿಮಾಲಯದಲ್ಲಿ ಒಂದು, ಜಾವಾದಲ್ಲಿ ಒಂದು, ತೈವಾನ್‌ನಲ್ಲಿ ಒಂದು, ಹೀಗೆ ಹಂಚಿಹೋಗಿವೆ. ಹೆಸರಿನಲ್ಲಿ ಸಿಳ್ಳಾರ ಅಂತಿದ್ದರೂ ಇವು ನಿಜವಾದ ಸಿಳ್ಳಾರಗಳಲ್ಲ, ನೊಣಹಿಡುಕಗಳ ಕುಟುಂಬಕ್ಕೆ ಸೇರಿದವು ಅಂತ ಈಗಿನ ಲೆಕ್ಕ. ಹಳ್ಳದ ಪಕ್ಕ ಕೂತು ಕೇಳುವವರಿಗೆ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ, ಬಿಡಿ.

ನಮ್ಮದು ಹೆಚ್ಚುಕಡಿಮೆ ಗೊರವಂಕದಷ್ಟು ದೊಡ್ಡದು, 25 ಸೆಂಟಿಮೀಟರ್. ಲಂಕೆಯದು 20, ಅಂದರೆ ಪಿಕಳಾರದಷ್ಟು. ನಮ್ಮದಕ್ಕೆ ಹಣೆಯ ಮೇಲೂ ಹೆಗಲ ಮೇಲೂ ಹೊಳೆಯುವ ನೀಲಿ. ಲಂಕೆಯದು ಕಂದು ಬೆರೆತ ಕಪ್ಪು. ಗಂಡಿಗೆ ತಲೆ, ಕುತ್ತಿಗೆ, ಎದೆಯ ಮೇಲೆ ನೀಲಿಯ ಛಾಯೆ, ಹೆಗಲ ಮೇಲೆ ಮಾತ್ರ ಸ್ವಲ್ಪ ಗಾಢವಾದ ನೀಲಿ ತೇಪೆ. ಹೆಣ್ಣು ಇನ್ನೂ ಕಂದು, ಆದರೆ ಹೆಗಲ ತೇಪೆ ಅದಕ್ಕೂ ಇದೆ.

ದೊಡ್ಡ ವ್ಯತ್ಯಾಸ ಇರುವುದು ದನಿಯಲ್ಲಿ. ನಮ್ಮದು ಸ್ಕೂಲಿಗೆ ಚಕ್ಕರ್ ಹಾಕಿದ ಹುಡುಗನ ಹಾಗೆ ಮನಸ್ಸು ಬಂದಂತೆ ಸಿಳ್ಳೆ ಎಳೆಯುತ್ತದೆ. ಎಲ್ಲೋ ಶುರು, ಎಲ್ಲೋ ಮುಗಿಯುತ್ತದೆ. ಬ್ರಿಟಿಷರು ಅದಕ್ಕೆ ಇಟ್ಟ ಅಡ್ಡಹೆಸರೇ ‘ಸಿಳ್ಳೆ ಹಾಕುವ ಸ್ಕೂಲ್ ಹುಡುಗ’. ಲಂಕೆಯ ಹಕ್ಕಿಯ ಹಾಡು ಕೇಳಸಿಗುವುದೇ ಅಪರೂಪ. ಸಾಮಾನ್ಯವಾಗಿ ಕಿವಿಗೆ ಬೀಳುವುದು ಸಣ್ಣಗೆ, ಚೂಪಾಗಿ ಎಳೆದ ಒಂದೇ ಸ್ವರ. ಅದರ ಬಗ್ಗೆ ಕೊನೆಗೆ ಬರುತ್ತೇನೆ, ಒಬ್ಬರು ಅದನ್ನೇ ಕೇಳಿದ್ದಾರೆ.

ಪ್ರಶ್ನೆ: ಧನುಷ್ಕೋಡಿಯಿಂದ ಲಂಕೆಗೆ 30 ಕಿಲೋಮೀಟರ್ ಆಸುಪಾಸು. ಹನುಮಂತ ಹಾರಿದ. ರೆಕ್ಕೆ ಇರುವ ಹಕ್ಕಿಗೆ ಆಗುವುದಿಲ್ಲವೇ? (ಹುಬ್ಬಳ್ಳಿಯ ಓದುಗರು)

ಚೆನ್ನಾಗಿ ಕೇಳಿದಿರಿ. ಇನ್ನೂ ಒಂದು ಮಾತು ಸೇರಿಸುತ್ತೇನೆ. ಹಾರುವ ಅಗತ್ಯವೇ ಇರಲಿಲ್ಲ, ಒಂದು ಕಾಲದಲ್ಲಿ ನಡೆದೇ ಹೋಗಬಹುದಿತ್ತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಸಮುದ್ರದ ಮಟ್ಟ ಈಗಿನದಕ್ಕಿಂತ ನೂರು ಮೀಟರಿಗೂ ಜಾಸ್ತಿ ಕೆಳಗಿತ್ತು. ರಾಮಸೇತುವಿನ ಆಸುಪಾಸಿನ ಕಡಲು ಎಷ್ಟು ಆಳವಿಲ್ಲದ್ದು ಅಂತ ಅಲ್ಲಿ ಹೋದವರಿಗೆ ಗೊತ್ತು. ಆಗ ಅದೆಲ್ಲ ಬರೀ ನೆಲ. ಲಂಕೆ ಆಗ ದ್ವೀಪವೇ ಅಲ್ಲ, ನಮ್ಮ ನೆಲದ ತುದಿ.

ಹಾಗಿದ್ದರೆ ಈ ಹಕ್ಕಿ ಯಾಕೆ ಅಲ್ಲೇ ಉಳಿಯಿತು? ರಾಮೇಶ್ವರದ ಕಡೆಯ ನೆಲ ನೆನಪಿಸಿಕೊಳ್ಳಿ. ಮರಳು, ತಾಳೆಮರ, ಮುಳ್ಳುಪೊದೆ, ನೆತ್ತಿ ಸುಡುವ ಬಿಸಿಲು. ಆಚೆ ದಡದಲ್ಲೂ ಅಷ್ಟೇ. ಮನ್ನಾರ್, ಅನುರಾಧಪುರದ ಕಡೆಯೆಲ್ಲ ಒಣ ಬಯಲು. ನಮ್ಮ ಪಶ್ಚಿಮ ಘಟ್ಟದ ದಕ್ಷಿಣದ ತುದಿಯಿಂದ ಲಂಕೆಯ ಬೆಟ್ಟಗಳಿಗೆ ಹೋಗಬೇಕೆಂದರೆ ನೂರಾರು ಕಿಲೋಮೀಟರ್ ಇಂಥದೇ ನೆಲ ದಾಟಬೇಕು. ಆನೆ ಚಿರತೆಗಳಿಗೆ ಅದೇನೂ ಕಷ್ಟವಲ್ಲ, ದಾಟಿಕೊಂಡವು. ಆದರೆ ಪಾಚಿ ಹಿಡಿದ ಬಂಡೆ, ಜರಿಗಿಡ, ಸದಾ ಹರಿಯುವ ತಣ್ಣನೆಯ ನೀರು, ಮಧ್ಯಾಹ್ನವೂ ಮಬ್ಬಾಗಿರುವ ಕಣಿವೆ, ಇಷ್ಟೂ ಬೇಕು ಅನ್ನುವ ಹಕ್ಕಿಗೆ ಆ ಬಯಲು ಕಡಲಿಗಿಂತ ದೊಡ್ಡ ಅಡ್ಡಿ. ಎಂದೋ ಒಂದು ಕಾಲದಲ್ಲಿ ಇದರ ಪೂರ್ವಜರು ಅಲ್ಲಿಗೆ ತಲುಪಿರಬೇಕು. ಆಮೇಲೆ ಹಿಂದೆ ಬರುವ ದಾರಿ ಒಣಗಿಹೋಯಿತು. ನೀರು ಬಂದು ಮುಚ್ಚಿದ್ದು ಎಷ್ಟೋ ಕಾಲದ ನಂತರ.

ಲಂಕೆಯ ಒಳಗೂ ಅದೇ ಕಥೆ. ದ್ವೀಪದ ನಡುವಿನ ಬೆಟ್ಟಗಳಲ್ಲಿ ಸುಮಾರು 900 ಮೀಟರಿಗಿಂತ ಮೇಲೆ ಮಾತ್ರ ಇದರ ವಾಸ. ಕೆಳಗೆ ಇಳಿಯುವುದಿಲ್ಲ. ಅಂದರೆ ದ್ವೀಪದ ಒಳಗೆ ಇನ್ನೊಂದು ದ್ವೀಪ, ಅದರೊಳಗೆ ಒಂದೊಂದು ಹಳ್ಳವೂ ಒಂದೊಂದು ಚಿಕ್ಕ ದ್ವೀಪ.

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಕಾಫಿ ಬೆಳೆಗಾರರು. ಲಂಕೆಯಲ್ಲಿ ಕಾಫಿಯಿಂದಲೇ ಈ ಹಕ್ಕಿಗೆ ಕುತ್ತು ಬಂತು ಅಂತ ಮಗಳು ಎಲ್ಲೋ ಓದಿ ನನ್ನನ್ನೇ ದಬಾಯಿಸುತ್ತಿದ್ದಾಳೆ. ಹೌದಾ? (ಮೂಡಿಗೆರೆಯ ಓದುಗರು)

ಮಗಳು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ನಿಮ್ಮ ಕಡೆ ಇದೆ, ಧೈರ್ಯವಾಗಿರಿ.

1830ರ ದಶಕದಿಂದ ಬ್ರಿಟಿಷರು ಲಂಕೆಯ ಬೆಟ್ಟಗಳಲ್ಲಿ ಕಾಫಿ ಹಾಕಲು ಕಾಡನ್ನು ಬುಡಸಮೇತ ಸವರಿದರು. ನಮ್ಮ ಕಡೆ ಮಾಡುವ ಹಾಗೆ ಮರ ಉಳಿಸಿ ನೆರಳಲ್ಲಿ ಬೆಳೆದದ್ದಲ್ಲ, ಕಡಿದು, ಸುಟ್ಟು, ಬೋಳು ಗುಡ್ಡದ ಮೇಲೆ ಸಾಲು ಹಿಡಿದು ನೆಟ್ಟದ್ದು. ಕೆಲಸಕ್ಕೆ ತಮಿಳುನಾಡಿನ ಕಡೆಯಿಂದ ಸಾವಿರಾರು ಬಡವರನ್ನು ಕರೆದೊಯ್ದರು. ಅವರ ಕಥೆಗೆ ಬೇರೆ ಪುಟವೇ ಬೇಕು. 1869ರಲ್ಲಿ ಆ ತೋಟಗಳಿಗೆ ಎಲೆ ತುಕ್ಕು ರೋಗ ಬಂತು. ಎಲೆಯ ಹಿಂಬದಿ ಕಿತ್ತಳೆ ಬಣ್ಣದ ಪುಡಿ, ನಿಮಗೆ ನಾನು ಹೇಳಬೇಕಾಗಿಲ್ಲ. ಕೆಲವೇ ವರ್ಷಗಳಲ್ಲಿ ಲಂಕೆಯ ಕಾಫಿ ಮುಗಿದೇ ಹೋಯಿತು. ಆದರೆ ಕಾಡು ವಾಪಸ್ ಬರಲಿಲ್ಲ, ಅದೇ ಗುಡ್ಡಗಳಲ್ಲಿ ಟೀ ಎದ್ದಿತು.

ಈ ಗಲಾಟೆಯ ನಡುವೆಯೇ, 1872ರಲ್ಲಿ, ಹಕ್ಕಿಗೆ ವೈಜ್ಞಾನಿಕ ಹೆಸರು ಸಿಕ್ಕಿತು. ಹೆಸರಿಟ್ಟವರು ಹೋಲ್ಡ್ಸ್‌ವರ್ತ್, ಲಂಕೆಯ ಕಡಲಲ್ಲಿ ಮುತ್ತಿನ ಚಿಪ್ಪಿನ ಸಂಗತಿ ನೋಡಲು ಬಂದಿದ್ದ ಮನುಷ್ಯ. ಯಾರ ಹೆಸರು ಇಟ್ಟರು ಗೊತ್ತಾ? ಸ್ಯಾಮ್ಯುಯೆಲ್ ಬ್ಲೈ ಅನ್ನುವ ಕಾಫಿ ಪ್ಲಾಂಟರ್‌ದು. ಕಾಡು ಕಡಿಯುವ ಕಸುಬಿನವನ ಹೆಸರನ್ನೇ ಕಾಡಿನ ಹಕ್ಕಿ ಇವತ್ತಿಗೂ ಹೊತ್ತು ತಿರುಗುತ್ತಿದೆ. ಆ ಮನುಷ್ಯನಿಗೆ ಹಕ್ಕಿಗಳ ಮೇಲೆ ನಿಜವಾಗಿಯೂ ಪ್ರೀತಿ ಇತ್ತು, ಅದನ್ನೂ ಹೇಳಬೇಕು. ಎರಡೂ ಒಬ್ಬನಲ್ಲೇ ಇರಬಹುದು, ಪ್ಲಾಂಟರುಗಳ ನಡುವೆ ಬೆಳೆದ ನಿಮಗೆ ಇದು ಹೊಸದಲ್ಲ.

ಮಗಳಿಗೆ ಹೇಳಲೇಬೇಕಾದ ಸಂಗತಿ ಇದರ ಮರುವರ್ಷದ್ದು. 1873ರಲ್ಲಿ ಜೋಸೆಫ್ ಹೂಕರ್ ಅನ್ನುವ ದೊಡ್ಡ ಸಸ್ಯವಿಜ್ಞಾನಿ, 5,000 ಅಡಿಗಿಂತ ಮೇಲಿನ ಕಾಡನ್ನು ಮುಟ್ಟಬೇಡಿ ಅಂತ ಲಂಕೆಯ ಸರ್ಕಾರಕ್ಕೆ ಸಲಹೆ ಕೊಟ್ಟರು. ಸರ್ಕಾರ ಒಪ್ಪಿತು. ಹಕ್ಕಿಯ ಮೇಲಿನ ಕರುಣೆಯಿಂದ ಅಂತೂ ಅಲ್ಲ, ತಲೆಯ ಮೇಲಿನ ಕಾಡು ಹೋದರೆ ಕೆಳಗಿನವರಿಗೆ ನೀರು ಇರುವುದಿಲ್ಲ ಅನ್ನುವ ಲೆಕ್ಕ ಅದು. ಮಹಾವೇಲಿ, ಕೆಲನಿ, ವಳವೆ ಮೂರೂ ನದಿಗಳಿಗೆ ನೀರು ಹೊರಡುವುದು ಹಾರ್ಟನ್ ಪ್ಲೇನ್ಸ್ ಅನ್ನುವ ಬೆಟ್ಟದ ಮೇಲಿನ ಬಯಲಿನ ಸುತ್ತಿನ ಈ ಎತ್ತರದಿಂದಲೇ. ನೀರಿನ ಲೆಕ್ಕದಲ್ಲಿ ಉಳಿದ ಕಾಡಿನಲ್ಲಿ ನೀರಿನ ಪಕ್ಕದ ಹಕ್ಕಿಯೂ ಉಳಿಯಿತು. ಮುಂದೆ 1960ರ ದಶಕದಲ್ಲಿ ಅದೇ ಬಯಲಿನಲ್ಲಿ ಬೀಜದ ಆಲೂಗಡ್ಡೆ ಬೆಳೆದದ್ದೂ ಉಂಟು. ಆಮೇಲೆ ಬುದ್ಧಿ ಬಂದು 1969ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ನಿಮ್ಮ ತೋಟದ ವಿಷಯ: ನೆರಳು ಮರ ಇಟ್ಟಿದ್ದೀರಿ, ಹಳ್ಳದ ಅಂಚು ಬೋಳಿಸಿಲ್ಲ ಅಂದರೆ ನಮ್ಮ ಸಿಳ್ಳಾರ ಅಲ್ಲೇ ಇರುತ್ತದೆ. ಅದು ಸ್ವಲ್ಪ ಹೊಂದಿಕೊಳ್ಳುವ ಜಾತಿ, ಬಚ್ಚಲ ನೀರು ಹರಿಯುವಲ್ಲಿಗೂ ಬಂದು ಹುಳ ಹೆಕ್ಕುತ್ತದೆ. ಲಂಕೆಯದಕ್ಕೆ ಆ ಗುಣ ಇಲ್ಲ.

ಪ್ರಶ್ನೆ: ಜನವರಿಯಲ್ಲಿ ಮನೆಮಂದಿಯೆಲ್ಲ ಐದು ದಿನ ಶ್ರೀಲಂಕಾಕ್ಕೆ ಹೋಗುತ್ತಿದ್ದೇವೆ. ಈ ಹಕ್ಕಿ ಸಿಗುತ್ತದೆಯೇ? ಎಲ್ಲಿ, ಎಷ್ಟು ಹೊತ್ತಿಗೆ? (ಬೆಂಗಳೂರು, ಮೈಸೂರು, ಮಂಗಳೂರಿನ ನಾಲ್ವರು ಓದುಗರು)

ಸಿಗಬಹುದು. ಆದರೆ ಮನೆಮಂದಿಯನ್ನೆಲ್ಲ ಎಬ್ಬಿಸಬೇಡಿ, ಶಾಪ ಹಾಕುತ್ತಾರೆ.

ನುವರ ಎಲಿಯ ಅನ್ನುವ ಬೆಟ್ಟದ ಊರಿನಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಹಾರ್ಟನ್ ಪ್ಲೇನ್ಸ್ 30 ಕಿಲೋಮೀಟರ್ ಇರಬಹುದು, ಆದರೆ ತಿರುವಿನ ರಸ್ತೆ, ನಸುಕಿಗೆ ಮುಂಚೆಯೇ ಹೊರಡಬೇಕು. ರೈಲಿನಲ್ಲಿ ಬರುವವರು ಪಟ್ಟಿಪೊಳದಲ್ಲಿ ಇಳಿಯಬಹುದು, ಲಂಕೆಯಲ್ಲೇ ಅತಿ ಎತ್ತರದ ಸ್ಟೇಷನ್ ಅದು. ಬಯಲು ಇರುವುದು 2,100 ಮೀಟರಿಗೂ ಮೇಲೆ. ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವುದೂ ಇದೆ, ಸ್ವೆಟರ್ ಒಂದು ಸಾಲುವುದಿಲ್ಲ. ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಇರುತ್ತದೆ, ನೀರಿನ ಬಾಟಲಿಯ ಲೇಬಲ್ ಕೂಡ ಕೀಳಿಸುತ್ತಾರೆ. ನಮ್ಮ ಎಷ್ಟೋ ಕಾಡುಗಳ ಗೇಟಿನಲ್ಲಿ ಇಷ್ಟು ಶಿಸ್ತು ಕಂಡಿಲ್ಲ ನಾನು.

ಒಳಗೆ ರಸ್ತೆ ಪಕ್ಕದಲ್ಲೇ ಒಂದು ಚಿಕ್ಕ ಕೊಳ ಇದೆ. ಹೆಸರೇ ಅರೆಂಗಾ ಕೊಳ. ಅರೆಂಗಾ ಅನ್ನುವುದು ಹಕ್ಕಿಯ ಹಳೆಯ ವೈಜ್ಞಾನಿಕ ಕುಲನಾಮ. ಎಲ್ಲರೂ ನಿಲ್ಲುವುದು ಅಲ್ಲೇ. ಬೆಳಕು ಹರಿಯುವ ಹೊತ್ತಿನ ಅರ್ಧ ಗಂಟೆ ಮತ್ತು ಸಂಜೆ ಕತ್ತಲಾಗುವ ಹೊತ್ತಿನ ಅರ್ಧ ಗಂಟೆ, ಇವೆರಡೇ ಲೆಕ್ಕಕ್ಕೆ. ಬಿಸಿಲು ಏರಿದ ಮೇಲೆ ಅದು ಪೊದೆಯೊಳಗೆ ಹೊಕ್ಕುಬಿಡುತ್ತದೆ.

ನಾನು ಹೋದಾಗ ಮೊದಲ ದಿನ ಕಾಣಲಿಲ್ಲ. ತಪ್ಪು ನನ್ನದೇ. ಚಳಿಗೆ ಅಂತ ಹೊಸ ಜಾಕೆಟ್ ಹಾಕಿದ್ದೆ, ಕೈ ಎತ್ತಿದರೆ ಸಾಕು, ಚಿಪ್ಸ್ ಪ್ಯಾಕೆಟ್ ಬಿಚ್ಚಿದ ಹಾಗೆ ಪರಪರ ಅನ್ನುತ್ತಿತ್ತು. ಜೀಪಿನ ಡ್ರೈವರ್ ಎರಡು ಸಲ ತಿರುಗಿ ನೋಡಿದ, ಪಾಪ, ಏನೂ ಅನ್ನಲಿಲ್ಲ. ಮರುದಿನ ಹಳೆ ಉಣ್ಣೆ ಶಾಲು ಹೊದ್ದು ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮೊದಲು ಸದ್ದು ಬಂತು, ನೀರಿನ ಆಚೆ ಬದಿಯಿಂದ. ಸುಮಾರು ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಕಪ್ಪು ಬಂಡೆಯ ಒಂದು ತುಂಡು ಅಲುಗಿದ ಹಾಗಾಯಿತು. ಅದು ಬಂಡೆಯಿಂದ ಬೇರಿಗೆ ಹಾರಿತು, ಬಾಲ ಒಮ್ಮೆ ಬಿಚ್ಚಿ ಮಡಿಸಿತು, ಒಳಗೆ ಹೋಯಿತು. ಅಷ್ಟೇ. ಹತ್ತು ಸೆಕೆಂಡ್ ಇದ್ದಿರಬಹುದು. ನೀಲಿ ಕಂಡಿತಾ ಅಂತ ಕೇಳಿದರೆ, ಕಂಡಿತು ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆ ಮಬ್ಬಿನಲ್ಲಿ ನೀಲಿ ಎಲ್ಲಿಂದ ಕಾಣಬೇಕು, ನೀವೇ ಹೇಳಿ.

ಸಿಗದಿದ್ದರೆ ಬೇಜಾರು ಬೇಡ. ಊರೊಳಗಿನ ವಿಕ್ಟೋರಿಯಾ ಪಾರ್ಕಿನಲ್ಲಿ ಚಳಿಗಾಲಕ್ಕೆ ಕಾಶ್ಮೀರದ ನೊಣಹಿಡುಕ ಬಂದಿರುತ್ತದೆ. ಅದೇ ಜಾತಿ ನಮ್ಮ ಘಟ್ಟದ ದಕ್ಷಿಣ ಭಾಗಕ್ಕೂ ಚಳಿ ಕಳೆಯಲು ಬರುತ್ತದೆ, ಊರವರೇ ಸಿಕ್ಕ ಹಾಗೆ. ಜೇಬಿಗೂ ಕೈ ಹಾಕಿ ನೋಡಿ. 2010ರ ಸರಣಿಯ ಲಂಕೆಯ 50 ರೂಪಾಯಿ ನೋಟಿನಲ್ಲಿ ಮಂಕು ನೀಲಿ ಬಣ್ಣದ ನೊಣಹಿಡುಕ ಇದೆ. ಇದೇ ಬೆಟ್ಟದ ಕಾಡಿನ, ಲಂಕೆಯಲ್ಲಿ ಮಾತ್ರ ಇರುವ ಇನ್ನೊಂದು ಹಕ್ಕಿ. ಅರಂಗಯಾಕ್ಕೆ ನೋಟಿನ ಭಾಗ್ಯ ಸಿಗಲಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಅದರ ದನಿ ಹಾಕಿದರೆ ಹತ್ತಿರ ಬರುತ್ತದಂತೆ. ನಮ್ಮ ಗೈಡ್ ಈಗಲೇ ಮಾತು ಕೊಟ್ಟಿದ್ದಾರೆ. ತಪ್ಪೇನಿದೆ? (ಹೆಸರು ಬೇಡ ಎಂದ ಓದುಗರು)

ಹೆಸರು ಬೇಡ ಅಂದಿರಿ ಅಂದರೆ ಉತ್ತರ ನಿಮಗೇ ಗೊತ್ತಿದೆ.

ಬರುತ್ತದೆ, ನಿಜ. ಯಾಕೆ ಬರುತ್ತದೆ? ನನ್ನ ಹಳ್ಳಕ್ಕೆ ಯಾರೋ ನುಗ್ಗಿದ್ದಾರೆ ಅಂತ ಜಗಳಕ್ಕೆ ಬರುತ್ತದೆ. ಒಂದು ದಿನ, ಒಬ್ಬರು ಹಾಕಿದರೆ ಹೋಗಲಿ ಅನ್ನಬಹುದು. ಆದರೆ ಆ ಕೊಳದ ಹತ್ತಿರ ಪ್ರವಾಸದ ಸೀಸನ್ ಪೂರ್ತಿ ದಿನಾ ಯಾರಾದರೂ ನಿಂತಿರುತ್ತಾರೆ. ಗೂಡು ಕಟ್ಟುವುದು ಜನವರಿಯಿಂದ ಮೇವರೆಗೆ ಜಾಸ್ತಿ, ಅಂದರೆ ನಿಮ್ಮ ರಜೆಯ ಹೊತ್ತಿಗೇ. ಹಳ್ಳದ ಪಕ್ಕದ ಬಂಡೆಯ ಅಂಚಿನಲ್ಲೋ ಮರದ ಕವಲಿನಲ್ಲೋ ಪಾಚಿಯಿಂದ ಬಟ್ಟಲಿನಂಥ ಗೂಡು, ಅದರಲ್ಲಿ ಒಂದೋ ಎರಡೋ ಮೊಟ್ಟೆ. ಆ ಚಳಿಯಲ್ಲಿ ತಾಯಿ ಗೂಡು ಬಿಟ್ಟು ನಿಮ್ಮ ಮೊಬೈಲ್ ಜೊತೆ ಜಗಳಕ್ಕೆ ನಿಂತರೆ ಮೊಟ್ಟೆ ಆರಿಹೋಗುತ್ತದೆ. ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘಟನೆಯ ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜಾತಿ ಅಂತ ಗುರುತಾಗಿರುವ ಹಕ್ಕಿ ಇದು. ಗೈಡ್‌ಗೆ ಈಗಲೇ ಬೇಡ ಅಂತ ಹೇಳಿ, ಅವರಿಗೂ ಹಗುರಾಗುತ್ತದೆ. ಎಷ್ಟೋ ಗೈಡುಗಳು ಗಿರಾಕಿ ಬೇಜಾರಾಗುತ್ತಾರೆ ಅಂತಲೇ ದನಿ ಹಾಕುವುದು.

ಪ್ರಶ್ನೆ: ಏನು ತಿನ್ನುತ್ತದೆ? (ಆರನೇ ಕ್ಲಾಸಿನ ವಿದ್ಯಾರ್ಥಿನಿ, ದಾವಣಗೆರೆ)

ಹುಳುಹುಪ್ಪಟೆ, ಬಸವನ ಹುಳು, ಸಣ್ಣ ಕಪ್ಪೆ, ಕೆಲವೊಮ್ಮೆ ಹಲ್ಲಿಯೂ. ಒದ್ದೆ ಎಲೆಗಳ ನಡುವೆ ಸಿಕ್ಕಿದ್ದೆಲ್ಲ.

ಪ್ರಶ್ನೆ: ಝೂನಲ್ಲಿ ಸಾಕಿ, ಮರಿ ಮಾಡಿಸಿ ಬಿಡಬಹುದಲ್ಲ? (ಕಲಬುರಗಿಯ ಓದುಗರು)

ಬಿಡುವುದಾದರೂ ಎಲ್ಲಿಗೆ? ತೊಂದರೆ ಇರುವುದು ಹಕ್ಕಿಯಲ್ಲಿ ಅಲ್ಲ, ಹಳ್ಳದಲ್ಲಿ. ಸುತ್ತಲೂ ತರಕಾರಿ ಬೆಳೆಯುವವರು ಹೊಡೆಯುವ ಔಷಧಿ ನೀರಿಗೆ ಸೇರುತ್ತದೆ, ಸೌದೆಗೆ ಅಂತ ಕಾಡಿನ ಅಂಚು ಕರಗುತ್ತದೆ. ಹಾರ್ಟನ್ ಪ್ಲೇನ್ಸ್‌ನಲ್ಲಿ ದಶಕಗಳಿಂದ ಮರಗಳು ನಿಂತಲ್ಲೇ ತುದಿಯಿಂದ ಒಣಗುತ್ತಾ ಬರುತ್ತಿವೆ. ಜನ ಬಿಸಾಡಿದ ತಿಂಡಿಗೆ ಕಾಗೆ ಬರುತ್ತದೆ, ಬಂದ ಕಾಗೆ ಗೂಡುಗಳನ್ನೂ ಹುಡುಕುತ್ತದೆ. ಇದಕ್ಕೆಲ್ಲ ಪಂಜರ ಮದ್ದಲ್ಲ.

ಪ್ರಶ್ನೆ: ನಮ್ಮ ಕರ್ನಾಟಕದಲ್ಲಿ ಹೀಗೆ ಒಂದೇ ಜಾಗಕ್ಕೆ ಅಂಟಿಕೊಂಡ ಹಕ್ಕಿ ಇಲ್ಲವೇ? ಯಾವಾಗಲೂ ಹೊರದೇಶದ್ದೇ ಬರೆಯುತ್ತೀರಿ. (ಮಡಿಕೇರಿಯ ಓದುಗರು)

ಕೊಡಗಿನವರೇ ಹೀಗೆ ಕೇಳಿದರೆ ಹೇಗೆ! ನಿಮ್ಮ ಬ್ರಹ್ಮಗಿರಿಯ ನೆತ್ತಿಯ ಶೋಲಾ ಕಾಡಿನಲ್ಲೇ ಒಂದಿದೆ. ಬಾಣಾಸುರ ಚಿಲಪ್ಪನ್ ಅನ್ನುತ್ತಾರೆ, ಮಲಯಾಳದ ಹೆಸರು. ವಯನಾಡಿನ ಕೆಲವು ಬೆಟ್ಟದ ತುದಿಗಳು ಮತ್ತು ಬ್ರಹ್ಮಗಿರಿ, ಇಷ್ಟು ಬಿಟ್ಟರೆ ಬೇರೆಲ್ಲೂ ಇಲ್ಲ. ಸಮುದ್ರ ಇಲ್ಲದೆಯೂ ಅವು ದ್ವೀಪಗಳೇ. ತಂಪು ಕಾಡು ಮೇಲೆ, ಬಿಸಿ ಬಯಲು ಸುತ್ತ. ಕೆಳಗಿಳಿದು ಪಕ್ಕದ ಬೆಟ್ಟಕ್ಕೆ ಹತ್ತಲು ಹಕ್ಕಿ ಒಪ್ಪುವುದಿಲ್ಲ. ಬಾಬಾ ಬುಡನ್‌ಗಿರಿಯ ಕಡೆಯವರಿಗೆ ನೀಲಿ ಶೋಲಕಿಳಿ ಇದೆ, ನೀಲಗಿರಿಯಲ್ಲೂ ಇರುವ ಜಾತಿ. ಹಕ್ಕಿಗಳ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ಗುಂಪಿನ ಹಕ್ಕಿಗಳಿಗೂ ಹೊಸ ಕುಲನಾಮ ಕೊಟ್ಟರು. ಅಲ್ಲಿಯವರೆಗೆ ಬೇರೆ ಕಡೆಯ ಹಕ್ಕಿಗಳ ಜೊತೆ ಸೇರಿಸಿ ಲೆಕ್ಕ ಹಾಕುತ್ತಿದ್ದರು. ನಮ್ಮ ಬೆಟ್ಟದವು ಬೇರೆಯೇ ಅಂತ ಗೊತ್ತಾಗಲು ಇಷ್ಟು ಕಾಲ ಬೇಕಾಯಿತು.

ಪ್ರಶ್ನೆ: ನನಗೆ ವಯಸ್ಸು 78, ಕಣ್ಣು ಮಂಜು. ಲಂಕೆಗೆ ಹೋಗುವ ಮಾತಿಲ್ಲ. ಆ ದನಿ ಹೇಗಿದೆ ಅಂತ ಅಕ್ಷರದಲ್ಲಿ ಬರೆಯಲು ಆಗುತ್ತದೆಯೇ? (ಸಿರಸಿಯ ನಿವೃತ್ತ ಮೇಷ್ಟ್ರು)

ಪ್ರಯತ್ನ ಮಾಡುತ್ತೇನೆ ಮೇಷ್ಟ್ರೇ. ಅದಕ್ಕೂ ಮುಂಚೆ ಒಂದು ಮಾತು. ಲಂಕೆಯ ಮಳೆಕಾಡಿನಲ್ಲಿ ಒಂದು ಪುಟ್ಟ ಗೂಬೆ ಇದೆ. ದೀಪಲ್ ವಾರಕಗೊಡ ಅನ್ನುವವರು 1995ರಲ್ಲಿ ಅದರ ದನಿ ಕೇಳಿದರು, ಇದು ಗೊತ್ತಿರುವ ಯಾವ ಹಕ್ಕಿಯದೂ ಅಲ್ಲ ಅಂತ ಅನ್ನಿಸಿತು. ಕಣ್ಣಿಗೆ ಬಿದ್ದದ್ದು 2001ರಲ್ಲಿ. 2004ರಲ್ಲಿ ಹೊಸ ಜಾತಿ ಅಂತ ಪ್ರಕಟವಾಯಿತು. ಆರು ವರ್ಷ ಅದು ಅವರಿಗೆ ಬರೀ ದನಿಯಾಗಿಯೇ ಇತ್ತು. ಹಾಗಾಗಿ ಕಣ್ಣು ಮಂಜಾಗಿದೆ ಅಂತ ನಿಮ್ಮನ್ನು ಹಕ್ಕಿಯವರ ಗುಂಪಿನಿಂದ ಯಾರೂ ಹೊರಗೆ ಹಾಕುವುದಿಲ್ಲ.

ಈಗ ದನಿ. ನಿಮ್ಮ ಕಡೆಯ ಒಂದು ಅಬ್ಬಿಯ ಹತ್ತಿರ ನಿಂತಿದ್ದೀರಿ ಅಂದುಕೊಳ್ಳಿ. ನೀರಿನದು ದಪ್ಪ ಸದ್ದು, ಮಾತೆಲ್ಲ ಅದರಲ್ಲಿ ಮುಳುಗುತ್ತದೆ. ದಪ್ಪ ದನಿಯ ಹಕ್ಕಿ ಅಲ್ಲಿ ಕೂಗಿ ಪ್ರಯೋಜನ ಇಲ್ಲ. ಆ ಸದ್ದಿನ ಮೇಲೆ ತೇಲುವ ಹಾಗೆ, ಸ್ಲೇಟಿನ ಮೇಲೆ ಬಳಪ ಎಳೆದಷ್ಟು ಸಣ್ಣಗೆ, ಆದರೆ ಮೈ ಜುಮ್ಮೆನ್ನಿಸದಷ್ಟು ಹಿತವಾಗಿ, ಒಂದೇ ಎಳೆ:

ಸ್ರೀ... ಸ್ರೀ... ಸ್ರೀ...

ಆಮೇಲೆ ಬರೀ ನೀರು. ಸ್ವಲ್ಪ ಹೊತ್ತು ಬಿಟ್ಟು, ಈ ಸಲ ಇನ್ನೂ ಮೇಲಿನ ಬಂಡೆಯ ಕಡೆಯಿಂದ, ಮತ್ತೊಮ್ಮೆ ಸ್ರೀ. ಶ್ರೀಕಾರದ ‘ಶ್ರೀ’ ಅಲ್ಲ ಮೇಷ್ಟ್ರೇ, ದಂತ್ಯ ‘ಸ’. ಒತ್ತಕ್ಷರ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.